ಹಗ್ಗದ ಆ ತುದಿ ಹಿಡಿದವಳು

“ಲೇ ಇಂದು, ನಿಂಗೊಂದ್ ವಿಷ್ಯ ಗೊತ್ತಾ? ನಾಳೆ ನಾನು ನಿಮ್ಮಕ್ಕನ್ನ ನೋಡೋಕ್ ಬರ್ತಿದೀನಿ!”

“ದಿನಾ ನೋಡ್ತೀಯಲ್ಲ ಬಾವ. ನಾಳೆ ಏನ್ ಹೊಸ್ದು?”

“ಅಯ್ಯೋ, ಹಂಗಲ್ಲ ಕಣೇ. ನೋಡೋಕೆ ಅಂದ್ರೆ ನೋಡೋಕೆ! ಹೆಣ್ ನೋಡೋ ಶಾಸ್ತ್ರ. ಅಪ್ಪ, ಅಮ್ಮ, ಹೂವು, ಹಣ್ಣು, ಎಲ್ಲಾ ಸಮೇತ.”

ಇಂದುವಿನ ಕೈಯಲ್ಲಿದ್ದ ಹಗ್ಗ ಜಾರಿತು.

ಆ ಹಗ್ಗದ ಇನ್ನೊಂದು ತುದಿಯಲ್ಲಿ ಅಶ್ವತ್ಥ್ ಇದ್ದ. ಹೊಂಗೆ ಮರಕ್ಕೆ ಒರಗಿಸಿದ್ದ ಏಣಿಯ ಮೇಲೆ ನಿಂತು, ಭಾರವೆಲ್ಲ ಹಿಂದಕ್ಕೆ ಹಾಕಿ ಹಗ್ಗವನ್ನು ಜಗ್ಗುತ್ತಿದ್ದ. ಈ ಕಡೆ ಸಡಿಲಾದದ್ದೇ ತಡ, ಆ ಕಡೆ ಅವನು ವಾಲಿ, ಕೈಗೆ ಸಿಕ್ಕಿದ ಕೊಂಬೆಯನ್ನು ಕಳೆದುಹೋದ ತಮ್ಮ ಸಿಕ್ಕಂತೆ ಗಟ್ಟಿಯಾಗಿ ತಬ್ಬಿಕೊಂಡ.

“ಸಾಯಿಸ್ತೀಯೇನೇ!”

“ಕೈ ಬೆವತಿತ್ತು ಬಾವ. ಸಾರಿ.”

“ಏನೂ ಹೇಳಲ್ವಾ?”

“ಸಾರಿ ಅಂದ್ನಲ್ಲ.”

“ಅದಲ್ಲ. ಆ ವಿಷ್ಯಕ್ಕೆ.”

ಕೆಳಗೆ ಬಿದ್ದಿದ್ದ ಹಗ್ಗವನ್ನು ಇಂದು ಬಗ್ಗಿ ಎತ್ತಿಕೊಂಡಳು. ಬೇಕಂತಲೇ ನಿಧಾನವಾಗಿ ಎತ್ತಿಕೊಂಡಳು. ಬಗ್ಗಿರುವಷ್ಟು ಹೊತ್ತು ಮುಖ ಕಾಣಿಸುವುದಿಲ್ಲವಲ್ಲ! ಎದ್ದಾಗ ಆ ಮುಖದಲ್ಲಿ ಹಲ್ಲುಗಳೆಲ್ಲ ಕಾಣುವಂಥ ನಗು ಇತ್ತು.

“ಕಂಗ್ರಾಟ್ಸ್ ಬಾವ! ಸುಮ್‌ಸುಮ್ನೆ ಬಾವ ಬಾವ ಅಂತಿದ್ದೆ. ಇನ್ಮೇಲೆ ನಿಜವಾದ ಬಾವ.”

ಮೇಲೆ ಏಣಿಯ ಮೇಲಿದ್ದವನ ಮುಖದಿಂದ ನಗು ಎದ್ದು ಹೋಯಿತು. ಅದನ್ನು ಅವಳು ನೋಡಲಿಲ್ಲ. ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಅಲ್ಲಾಳಸಂದ್ರ ಕೆರೆಯ ಪಕ್ಕದ ಆ ಅಪಾರ್ಟ್‌ಮೆಂಟ್ ನಿಂತಿರುವುದು ಇಂದುವಿನ ಅಜ್ಜನ ದ್ರಾಕ್ಷಿ ತೋಟದ ಮೇಲೆ; ಅವಳ ಮನೆಯವರೂ ಈಗ ಅಲ್ಲೇ ಒಂದು ಫ್ಲಾಟಿನಲ್ಲಿದ್ದಾರೆ. ಬಿಲ್ಡರ್ ಚಪ್ಪರದ ಕಲ್ಲುಕಂಬಗಳನ್ನೆಲ್ಲ ಕಿತ್ತು, ಒಂದನ್ನು ಮಾತ್ರ ‘ಹೆರಿಟೇಜ್’ ಅಂತ ಗೇಟಿನ ಪಕ್ಕ ಉಳಿಸಿದ್ದ. ಅದರ ಎದುರಿಗೆ ಹೊಂಗೆ ಮರ. ಮರಕ್ಕೂ ಕಂಬಕ್ಕೂ ನಡುವೆ ಒಂದು ದೈತ್ಯ ಜೇಡರ ಬಲೆ ಕಟ್ಟಬೇಕು. ನಾಳೆ ಸಂಜೆ ಹ್ಯಾಲೋವೀನ್. ಮಕ್ಕಳೆಲ್ಲ ದೆವ್ವದ ವೇಷ ಹಾಕಿ ಆ ಬಲೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ.

ಆರ್ಡರ್ ಕೊಡಿಸಿದ್ದು ಇಂದುವೇ. ಅಶ್ವತ್ಥ್ ಅವಳ ಸೋದರತ್ತೆ ನಾಗಲಕ್ಷ್ಮಿಯ ಮಗ. ಬಾಗಲೂರಿನಲ್ಲಿ ಅವನ ಅಪ್ಪ ಮುನಿಕೃಷ್ಣಪ್ಪನದು ಶಾಮಿಯಾನ ಅಂಗಡಿ. ಮಗ ಬೋರ್ಡಿನ ಮೇಲೆ ‘ಈವೆಂಟ್ಸ್’ ಅಂತ ಸೇರಿಸಿ, ಮದುವೆ ನಾಮಕರಣ ಬಿಟ್ಟು ಬೇರೆ ಆರ್ಡರ್ ಸಿಗುತ್ತಾ ಅಂತ ಕಾಯುತ್ತಿದ್ದ. ಇಂದು ಹೋಗಿ ಅಸೋಸಿಯೇಷನ್ ಸೆಕ್ರೆಟರಿ ರಹಮತುಲ್ಲಾ ಅಂಕಲ್ ತಲೆ ತಿಂದಳು. “ಅಂಕಲ್, ಹಗ್ಗದ ವಿಷ್ಯದಲ್ಲಿ ನಮ್ ಬಾವನ ಮುಂದೆ ಯಾರೂ ಇಲ್ಲ.” ಅಂಕಲ್ ಪಾಪ ನಂಬಿದರು. ಬಾವ ದಿನಾ ಬರಲಿ, ತಾನು ದಿನಾ ಹಗ್ಗದ ಆ ತುದಿ ಹಿಡಿಯಬಹುದು ಅನ್ನುವುದು ಅವಳ ಪ್ಲಾನ್ ಎಂದು ಅವರಿಗೇನು ಗೊತ್ತು?

ಈ ಮನೆತನಗಳಲ್ಲಿ ಸೋದರತ್ತೆಯ ಮಗನೆಂದರೆ ಹುಟ್ಟಿದಾಗಿನಿಂದಲೇ ಅರ್ಧ ಅಳಿಯ. ಆದರೆ ಮನೆಯಲ್ಲಿ ದೊಡ್ಡವಳಿರುವಾಗ ಚಿಕ್ಕವಳ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ದೊಡ್ಡವಳು ತೇಜಸ್ವಿನಿ. ಯಲಹಂಕದ ಸ್ಕೂಲೊಂದರಲ್ಲಿ ಟೀಚರ್. ಅವಳನ್ನು ನೋಡಲು ಹೆಬ್ಬಾಳದವರು ಬಂದರು, ಬೋಂಡಾ ತಿಂದರು, ಹೋದರು, ಫೋನೇ ಮಾಡಲಿಲ್ಲ. ಆರ್.ಟಿ. ನಗರದವರು ಬಂದರು, ಫ್ಲಾಟು ಯಾರ ಹೆಸರಲ್ಲಿದೆ ಅಂತ ವಿಚಾರಿಸಿದರು, ಅವರೂ ಹೋದರು. ಆಮೇಲಿಂದ ಅಕ್ಕ ನಗುವುದನ್ನು ಕಡಿಮೆ ಮಾಡಿದ್ದಳು.

ಇವತ್ತು ಬೆಳಗ್ಗೆ ಮಾತ್ರ ಅಕ್ಕ ಹಾಡು ಗುನುಗುತ್ತಾ ಒಂದು ನವಿಲುಬಣ್ಣದ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಯಾರ ಮದುವೆಗೆ ಅಂತ ಇಂದು ಕೇಳಿದ್ದಕ್ಕೆ ಕೆನ್ನೆ ಕೆಂಪಗೆ ಮಾಡಿಕೊಂಡು, “ಹೋಗೇ, ನಿನ್ ಜೇಡ ಕಾಯ್ತಿದೆ” ಅಂದಿದ್ದಳು.

ಈಗ ಅರ್ಥವಾಯಿತು. ರಾತ್ರಿ ಅತ್ತೆಯೂ ಅಜ್ಜಿಯೂ ಫೋನಿನಲ್ಲೇ ಎಲ್ಲ ಮುಗಿಸಿದ್ದರು. ಮನೆಯಲ್ಲಿ ಎಲ್ಲರಿಗೂ ಗೊತ್ತು, ಅವಳೊಬ್ಬಳಿಗೆ ಬಿಟ್ಟು. ಚಿಕ್ಕವಳಿಗೆ ಯಾರಾದರೂ ಯಾಕೆ ಹೇಳಬೇಕು?

*

ಜೇಡರ ಬಲೆ ಕಟ್ಟುವುದು ನೋಡೋಕೆ ಸುಲಭ. ಮೊದಲು ಉದ್ದುದ್ದ ಹಗ್ಗಗಳನ್ನು ಮರದಿಂದ ಕಂಬಕ್ಕೆ, ಕೊಂಬೆಯಿಂದ ನೆಲದ ಗೂಟಕ್ಕೆ ಬಿಗಿಯಬೇಕು. ಎಲ್ಲವೂ ಒಂದೇ ಕಡೆ ಹಾಯಬೇಕು, ಅದು ಬಲೆಯ ನಡು. ಆಮೇಲೆ ನಡುವಿನಿಂದ ಶುರು ಮಾಡಿ, ಇನ್ನೊಂದು ಹಗ್ಗವನ್ನು ಸುತ್ತಿ ಸುತ್ತಿ ಹೊರಗೆ ತರಬೇಕು. ಎಲ್ಲೆಲ್ಲಿ ಹಗ್ಗ ಹಗ್ಗವನ್ನು ದಾಟುತ್ತದೋ ಅಲ್ಲೆಲ್ಲ ಗಂಟು. ಒಬ್ಬರು ಎಳೆದು ಹಿಡಿಯಬೇಕು, ಇನ್ನೊಬ್ಬರು ಗಂಟು ಹಾಕಬೇಕು. ಅಂದರೆ ಪ್ರತಿ ಗಂಟಿಗೂ ನಾಲ್ಕು ಕೈ ಒಂದೇ ಕಡೆ.

ಮೊನ್ನೆ, ನಿನ್ನೆ, ಆ ನಾಲ್ಕು ಕೈ ಸೇರಿದಾಗೆಲ್ಲ ಇಂದುವಿಗೆ ಉಸಿರೇ ಮರೆತುಹೋಗುತ್ತಿತ್ತು. ಅವನ ಹೆಬ್ಬೆರಳು ಅವಳ ಬೆರಳಿನ ಮೇಲೆ ಒಂದು ಕ್ಷಣ ಜಾಸ್ತಿ ನಿಲ್ಲುತ್ತಿತ್ತು. ನಿಲ್ಲುತ್ತಿತ್ತು ಅಂತ ಅವಳು ಅಂದುಕೊಂಡಿದ್ದಳು.

ಇವತ್ತು ಅವಳು ಅವನ ಬೆರಳನ್ನೇ ಸೇರಿಸಿ ಗಂಟು ಹಾಕಿದಳು.

“ಆಯ್! ಬೆರಳು ಕಣೇ!”

“ಹಗ್ಗ ಅಂದ್ಕೊಂಡೆ. ಎರಡೂ ಒಂದೇ ಥರ ಒರಟಾಗಿದೆ.”

“ಏನಾಗಿದೆ ನಿಂಗಿವತ್ತು?”

“ಖುಷಿ ಬಾವ. ಅಕ್ಕನ್ಗೆ ಗಂಡು ಸಿಕ್ತಲ್ಲ, ಅಂತೂ ಇಂತೂ. ಹೊರಗ್ನೋರು ಯಾರೂ ಒಪ್ಲಿಲ್ಲ. ಮನೇಲೇ ಒಂದ್ ಪೀಸ್ ಮಿಕ್ಕಿತ್ತು, ಅಡ್ಜಸ್ಟ್ ಆಯ್ತು.”

ಒಂದೇ ಮಾತಿನಲ್ಲಿ ಇಬ್ಬರಿಗೆ ಹೊಡೆದಿದ್ದಳು. ಅಶ್ವತ್ಥ್ ಬೆರಳು ಬಿಡಿಸಿಕೊಂಡ. ಅವನೇನೂ ಕಡಿಮೆಯವನಲ್ಲ.

“ಹೂಂ. ತೇಜು ಒಳ್ಳೇ ಹುಡ್ಗಿ. ನಿನ್ ಥರ ಅಲ್ಲ. ಬಾಯಿ ಚಿಕ್ಕದು, ಮನಸು ದೊಡ್ಡದು.”

“ಹೌದೌದು.”

“ಅಡ್ಗೆ ಬರುತ್ತೆ.”

“ಬರುತ್ತೆ.”

“ಚೆಂದಾನೂ ಇದಾಳೆ. ಸೀರೆ ಉಟ್ರಂತೂ…”

“ಹಗ್ಗ ಎಳಿ ಬಾವ, ಸೊಂಟ ಬಿದ್ದೋಗಿದ್ಯಾ?”

ಅವಳು ಮುಖ ತಿರುಗಿಸಿದಳು. ಮುಳ್ಳು ಚುಚ್ಚುವ ಆಟದಲ್ಲಿ ಚಿಕ್ಕಂದಿನಿಂದಲೂ ಅವಳದೇ ಮೇಲುಗೈ. ಆದರೆ ಇವತ್ತು ಯಾಕೋ ಅವನು ಚುಚ್ಚಿದ್ದೆಲ್ಲ ಒಳಗೇ ಉಳಿದುಕೊಳ್ಳುತ್ತಿತ್ತು. ಇವನಿಗೆ ಅಕ್ಕ ನಿಜವಾಗಲೂ ಇಷ್ಟವಾ? ಇಷ್ಟವಾಗಿದ್ದರೆ ಬೇಕಾದರೆ ಅತ್ತುಬಿಡುತ್ತಿದ್ದಳು. ಗೊತ್ತಿಲ್ಲದೆ ಹೇಗೆ ಅಳುವುದು?

ಆಗ ಅವಳ ಕಣ್ಣು ಅವನ ಮೀಸೆಯ ಮೇಲೆ ಬಿತ್ತು.

ಆ ಮೀಸೆ! ಬಾಗಲೂರಿನಿಂದ ಯಲಹಂಕದವರೆಗೂ ಅಂಥ ಮೀಸೆ ಇನ್ನೊಂದಿಲ್ಲ. ಕಪ್ಪಗೆ, ದಪ್ಪಗೆ, ತುದಿಯಲ್ಲಿ ಚೂರೇ ಚೂರು ಮೇಲಕ್ಕೆ ತಿರುಗಿಕೊಂಡು, ಅವನು ನಗುವ ಮೊದಲೇ ಅದು ನಗುತ್ತಿತ್ತು. ಪಿಯುಸಿಯಲ್ಲಿ ಅದು ಚಿಗುರಿದಾಗಿನಿಂದ ಅವನು ಅದಕ್ಕೆ ಎಣ್ಣೆ ಹಾಕಿ ಸಾಕಿದ್ದ. ಇಂದುವೂ ಅದನ್ನು ಕಣ್ಣಲ್ಲೇ ಸಾಕಿದ್ದಳು.

“ಬಾವ, ಒಂದ್ ಮಾತು. ಹೇಳ್ಬಾರ್ದು, ಆದ್ರೂ ನಮ್ಮೋನು ಅಂತ ಹೇಳ್ತೀನಿ. ಅಕ್ಕಂಗೆ ಮೀಸೆ ಕಂಡ್ರೆ ಆಗಲ್ಲ.”

“ಏನು?”

“ಮೀಸೆ. ಅಸಹ್ಯ ಅವಳಿಗೆ. ನೋಡಿದ್ರೆ ಜಿರಳೆ ನೆನಪಾಗುತ್ತಂತೆ.”

“ಜಿರಳೆನಾ!”

“ಎರಡೂ ಕಡೆ ಹಿಂಗಿಂಗ್ ಇರುತ್ತಲ್ಲ, ಅದರ ಮೀಸೆ.” ಇಂದು ಎರಡು ಬೆರಳನ್ನು ಮೂಗಿನ ಕೆಳಗೆ ಇಟ್ಟು ಅಲ್ಲಾಡಿಸಿ ತೋರಿಸಿದಳು.

ಅಶ್ವತ್ಥ್ ಅವಳನ್ನೇ ನೋಡಿದ. ಎವೆಯಿಕ್ಕದೆ, ಹಗ್ಗವನ್ನೂ ಬಿಡದೆ ನೋಡಿದ. ಹೊಂಗೆಯ ನೆರಳು ಅವನ ಮುಖದ ಮೇಲೆ ಚೂರು ಚೂರಾಗಿ ಆಡುತ್ತಿತ್ತು.

“ನಿಂಗೆ?” ಅಂದ, ಮೆತ್ತಗೆ.

“ನಂಗೇನು?”

“ನಿಂಗೂ ಹಂಗೇ ಅನ್ಸುತ್ತಾ?”

“ನಂಗೆ ಹೆಂಗ್ ಅನ್ಸಿದ್ರೆ ನಿಂಗೇನು? ನಾನೇನ್ ನಿನ್ನ ಮದ್ವೆ ಆಗ್ಬೇಕಾ?”

 ಜಿರಳೆಯ ಮಾತು ಬರೀ ಸುಳ್ಳಲ್ಲ, ಪರೀಕ್ಷೆ. ಅವನು ನಕ್ಕು ‘ಹೋಗೇ’ ಅಂದರೆ ಅಕ್ಕ ಅವನಿಗೆ ಬರೀ ಶಾಸ್ತ್ರ. ಆ ಮೀಸೆಯನ್ನು ಅಕ್ಕನಿಗೋಸ್ಕರ ತೆಗೆದುಬಿಟ್ಟರೆ… ತೆಗೆಯಲ್ಲ. ಪ್ರಾಣ ಬೇಕಾದರೆ ಬಿಡುತ್ತಾನೆ, ಅದನ್ನು ಬಿಡಲ್ಲ.

“ಊಟ ಮಾಡ್ಕೊಂಡ್ ಬರ್ತೀನಿ” ಅಂತ ಅಶ್ವತ್ಥ್ ಬೈಕ್ ಹತ್ತಿದ.

*

ವಾಪಸ್ ಬಂದಾಗ ಅವನ ಮೀಸೆ ಇರಲಿಲ್ಲ.

ಇಂದು ಬಲೆಯ ನಡುವಿನ ಸುತ್ತುಗಳನ್ನು ಒಬ್ಬಳೇ ಕಟ್ಟುತ್ತಿದ್ದಳು. ಬೈಕಿನ ಸದ್ದಿಗೆ ತಲೆ ಎತ್ತಿದಳು. ಹೆಲ್ಮೆಟ್ ತೆಗೆದವನನ್ನು ನೋಡಿ ಮೊದಲು ಯಾರೋ ಅಂದುಕೊಂಡಳು. ಮೂಗಿನ ಕೆಳಗೆ ಬಿಸಿಲು ಕಾಣದ ಚರ್ಮ ಬೆಳ್ಳಗೆ, ಮಗುವಿನದರಂತೆ ಬೆತ್ತಲೆಯಾಗಿತ್ತು.

ಅವನು ಬಂದು ಏನೂ ಆಗದವನಂತೆ ಹಗ್ಗ ಹಿಡಿದ.

“ಹೆಂಗಿದೆ?”

“ಚೆನ್ನಾಗಿದೆ.”

“ನಿಮ್ಮಕ್ಕಂಗೆ ಇಷ್ಟ ಆಗುತ್ತಾ?”

“ತುಂಬಾ.”

ಪರೀಕ್ಷೆ ಮುಗಿದಿತ್ತು. ಉತ್ತರ ಮುಖದ ಮೇಲೇ ಬರೆದಿತ್ತು. ಇಷ್ಟು ಪ್ರೀತಿ ಇದೆಯಾ ಇವನಿಗೆ ಅಕ್ಕನ ಮೇಲೆ! ಇಂದು ಬಗ್ಗಿ ಗಂಟು ಹಾಕಿದಳು. ಹಾಕಿದ್ದನ್ನೇ ಮತ್ತೆ ಹಾಕಿದಳು. ಕಣ್ಣು ಮಂಜಾಗಿ ಹಗ್ಗವೇ ಕಾಣದಿದ್ದಾಗ ಮೂಗು ಒರೆಸಿಕೊಂಡು, “ಧೂಳು” ಅಂದಳು. ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ನಾಗಲಕ್ಷ್ಮಿಯ ತಾಯಿ, ಇಂದುವಿನ ಅಜ್ಜಿ ಸೊಣ್ಣಮ್ಮ ಎಲೆ ಅಡಿಕೆ ಹಾಕಿಕೊಂಡು ಗಾಳಿಗೆ ಕೂರಲು ಬಂದಳು. ಬಲೆಯನ್ನು ಮೇಲಿಂದ ಕೆಳಗೆ ನೋಡಿದಳು.

“ಅಬ್ಬ ಅಂದ್ರೆ ಮೊದ್ಲು ಮನೇಲಿರೋ ಬಲೆ ಒಡೀತಾರೆ. ಈ ಜನ ಬಲೆ ಕಟ್ಟಿ ಅಬ್ಬ ಮಾಡ್ತಾರಂತೆ. ಎಂಗಾದ್ರೂ ಇರ್ಲಿ. ಏನಪ್ಪ ಅಳಿಮಯ್ಯ, ನಾಳೀಕೆ ರೆಡಿನಾ?”

ಅಶ್ವತ್ಥ್ ತಿರುಗಿದ.

ಅಜ್ಜಿಯ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಮುಂದಿನ ಕ್ಷಣ ಅವಳು ಎದೆ ಬಡಿದುಕೊಂಡು ಕೂಗಿದ ಕೂಗಿಗೆ ಹೊಂಗೆ ಮರದ ಕಾಗೆಗಳೆಲ್ಲ ಎದ್ದವು.

“ಅಯ್ಯಯ್ಯೋ! ಯಾವಾಗ್ ಓದ್ನೋ ನಿಮ್ಮಪ್ಪ, ನನ್ ಅಳಿಯ! ನಾಗೂ! ನನ್ ಮಗಳ ತಾಳಿ ಓಯ್ತಲ್ಲಪ್ಪೋ!”

ಬಾಲ್ಕನಿಗಳಲ್ಲಿ ಮುಖಗಳು ಮೂಡಿದವು. ರಹಮತುಲ್ಲಾ ಅಂಕಲ್ ನೀರಿನ ಬಾಟಲಿ ಹಿಡಿದು ಓಡಿ ಬಂದರು. ಅಶ್ವತ್ಥ್ ಕಕ್ಕಾಬಿಕ್ಕಿಯಾಗಿ ಅಜ್ಜಿಯ ಕೈ ಹಿಡಿದುಕೊಂಡ.

“ಅಜ್ಜಿ, ಅಜ್ಜಿ! ಅಪ್ಪಂಗೇನೂ ಆಗಿಲ್ಲ. ಈಗ ತಾನೆ ಮುದ್ದೆ ತಿಂದು ಮಲ್ಕೊಂಡ.”

“ಬದ್ಕವ್ನಾ?”

“ಗುಂಡ್‌ಕಲ್ಲು ಇದ್ದಂಗವ್ನೆ.”

“ಮತ್ತೆ ಮೀಸೆ ಯಾಕ್ಲಾ ತೆಗ್ಸಿದೀಯ, ಮನೆ ಹಾಳ!”

ಈ ಜನರಲ್ಲಿ ಗಂಡುಮಗ ಮೀಸೆ ತೆಗೆಸುವುದು ಅಪ್ಪ ಸತ್ತಾಗ. ಅದಕ್ಕೆ ಮೊದಲು ತೆಗೆಸಿದರೆ ಅಪ್ಪನ ಸಾವನ್ನು ಬಾಗಿಲಿಗೆ ಕರೆದಂತೆ. ಅದೂ ಹೆಣ್ಣು ನೋಡುವ ಹಿಂದಿನ ದಿನ! ಇಂದುವಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಸುಳ್ಳು ಹೇಳುವ ಸಂಭ್ರಮದಲ್ಲಿ ಮರೆತಿದ್ದಳು. ಹುಡುಗನ ಅಪ್ಪ ಬದುಕಿರುವಾಗ ಯಾವ ಮನೆಯ ಹುಡುಗಿಯೂ ಮಾಡದ ತಮಾಷೆಯನ್ನು ಅವಳು ಮಾಡಿದ್ದಳು.

ಫೋನು ಬಾಗಲೂರಿಗೆ ಹೋಯಿತು; ಅವನು ಮೀಸೆ ತೆಗೆಸಿದ್ದು ಊಟ ಮುಗಿಸಿ ಬರುವ ದಾರಿಯಲ್ಲಿ, ಮನೆಯಲ್ಲಿ ಯಾರೂ ನೋಡಿರಲಿಲ್ಲ. ನಾಗಲಕ್ಷ್ಮಿ ಅತ್ತೆಯ ದನಿ ಸ್ಪೀಕರ್ ಇಲ್ಲದೆಯೇ ಗೇಟಿನಾಚೆಗೂ ಕೇಳುತ್ತಿತ್ತು.

“ಅಯ್ಯೋ ಶನಿ! ಅಮ್ಮಾ, ಈ ಬೋಳು ಮೂತಿ ಕರ್ಕೊಂಡು ನಾನು ನಿಮ್ಮನೆ ಮೆಟ್ಲು ಹತ್ತಲ್ಲ. ಮೀಸೆ ಬೆಳೀಲಿ. ಬೆಳೆಯೋ ಹೊತ್ಗೆ ಧನುರ್ಮಾಸ ಬರುತ್ತೆ. ಇನ್ನು ಸಂಕ್ರಾಂತಿ ಆದ್ಮೇಲೇ ನೋಡೋಣ.”

ಸಂಕ್ರಾಂತಿ! ಇಂದುವಿನ ಎದೆಯೊಳಗೆ ಯಾರೋ ಪಟಾಕಿ ಹಚ್ಚಿದರು. ನಾಳೆ ಇಲ್ಲ! ನಾಳೆ ಇಲ್ಲ!

ಆಗ ತೇಜಸ್ವಿನಿ ಹೊರಗೆ ಬಂದಳು. ಗಲಾಟೆ ಕೇಳಿ ಹಾಗೇ ಬಂದಿದ್ದಳು, ಮದರಂಗಿಯ ಕೋನ್ ಇನ್ನೂ ಕೈಯಲ್ಲೇ ಇತ್ತು. ಎಡ ಅಂಗೈಯಲ್ಲಿ ಅರ್ಧ ಬಿಡಿಸಿದ ಬಳ್ಳಿ. ಅವಳು ಅಶ್ವತ್ಥನ ಮುಖವನ್ನು ನೋಡಿದಳು.

“ಯಾಕ್ ತೆಗ್ಸಿದ್ರಿ ಬಾವ?”

“ನಿಂಗೆ… ಇಷ್ಟ ಇಲ್ಲ ಅಂತ ಯಾರೋ ಹೇಳಿದ್ರು. ಜಿರಳೆ ನೆನಪಾಗುತ್ತೆ ಅಂತ.”

“ಜಿರಳೆನಾ?”

ತೇಜಸ್ವಿನಿಗೆ ಆ ‘ಯಾರೋ’ ಯಾರು ಅಂತ ಹೊಳೆಯಿತು. ಆ ಮನೆಯಲ್ಲಿ ಜಿರಳೆ ಕಂಡರೆ ಮಂಚದ ಮೇಲೆ ಹತ್ತಿ ಕುಣಿಯುವವಳು ಒಬ್ಬಳೇ. ಅವಳು ಈಗ ತಲೆ ತಗ್ಗಿಸಿ, ಆಗಲೇ ಗಟ್ಟಿಯಾಗಿದ್ದ ಗಂಟನ್ನು ಇನ್ನೂ ಗಟ್ಟಿ ಮಾಡುತ್ತಿದ್ದಳು. ಅಕ್ಕ ತಂಗಿಯನ್ನು ಒಂದು ಗಳಿಗೆ ನೋಡಿ, ಅರ್ಧ ಮದರಂಗಿಯ ಕೈಯನ್ನು ಮಡಚಿಕೊಂಡು ಒಳಗೆ ಹೋದಳು.

*

ಬಿಸಿಲು ಇಳಿದಾಗ ಬಲೆ ಮುಗಿಯಿತು. ಹಗ್ಗದ ಸುತ್ತುಗಳು ಮರದಿಂದ ಕಂಬಕ್ಕೆ ಬೆಳ್ಳಗೆ ಹರಡಿ, ಕೆರೆಯ ಕಡೆಯಿಂದ ಗಾಳಿ ಬಂದಾಗ ಒಟ್ಟಿಗೇ ಉಸಿರಾಡುತ್ತಿದ್ದವು. ಉಳಿದದ್ದು ಜೇಡ. ಹಳೇ ಲಾರಿ ಟ್ಯೂಬಿಗೆ ಕಪ್ಪು ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಪೈಪಿನ ಕಾಲು ಸಿಕ್ಕಿಸಿದ್ದ ಅದನ್ನು ಇಬ್ಬರೂ ಎತ್ತಿ ನಡುವಿಗೆ ಕಟ್ಟಿದರು. ಜೇಡದ ಆ ಕಡೆ ಅವನು, ಈ ಕಡೆ ಅವಳು.

ಅಶ್ವತ್ಥ್ ಶಿಳ್ಳೆ ಹೊಡೆಯುತ್ತಿದ್ದ.

ಅದೊಂದು ಅವಳಿಗೆ ತಡೆಯಲಾಗಲಿಲ್ಲ.

“ನಾಚ್ಕೆ ಆಗಲ್ವಾ? ಹೆಣ್ ನೋಡೋ ಶಾಸ್ತ್ರ ಮುಂದಕ್ ಹೋಯ್ತು, ಅಜ್ಜಿ ಸಾಯೋಂಗ್ ಆದ್ಲು, ಶಿಳ್ಳೆ ಬೇರೆ!”

“ಹೋದ್ರೆ ಹೋಯ್ತು.”

“ಅಷ್ಟ್ ಇಷ್ಟ ಅಲ್ವಾ ಅಕ್ಕ ಅಂದ್ರೆ? ಮೀಸೆನೇ ಕೊಟ್ಬಿಟ್ಯಲ್ಲ!”

ಶಿಳ್ಳೆ ನಿಂತಿತು. ಜೇಡದ ಕಾಲುಗಳ ನಡುವೆ ಅವನ ಬೋಳು ಮುಖ ಕಾಣಿಸಿತು.

“ದಡ್ಡಿ. ತೇಜು ನಂಗೆ ಎಷ್ಟ್ ಸಲ ಹೇಳವಳೆ ಗೊತ್ತಾ, ಬಾವ ನಿಮ್ಗೆ ಮೀಸೆ ಒಪ್ಪುತ್ತೆ ಅಂತ? ನೀನ್ ಜಿರಳೆ ಅಂದಾಗ್ಲೇ ಗೊತ್ತಾಯ್ತು, ಬಿಡ್ತಿದ್ದಾಳೆ ರೀಲು ಅಂತ.”

“ಮತ್ತೆ… ಮತ್ಯಾಕ್ ತೆಗ್ಸಿದೆ?”

“ಮೀಸೆ ಇಲ್ದೆ ಬಂದ್ರೆ ಅಜ್ಜಿ ಒಳಗ್ ಬಿಟ್ಕೊಳಲ್ಲ ಅಂತ ನಂಗೊತ್ತಿತ್ತು. ಅಮ್ಮನೂ ಬರಲ್ಲ ಅಂತಾಳೆ ಅಂತ ಗೊತ್ತಿತ್ತು. ನಂಗೆ ಟೈಮ್ ಬೇಕಿತ್ತು ಇಂದು.”

“ಏನಕ್ಕೆ?”

“ನಿನ್ ಬಾಯಿಂದ ಒಂದ್ ಮಾತು ಬರ್ಸೋಕೆ.” ಅವನು ಜೇಡದ ಕಾಲನ್ನು ಪಕ್ಕಕ್ಕೆ ಸರಿಸಿದ. “ಬೆಳಗ್ಗೆ ಏಣಿ ಮೇಲೆ ನಿಂತ್ಕೊಂಡು ಯಾಕ್ ಹೇಳ್ದೆ ನಿಂಗೆ? ಬೇಡ ಬಾವ ಅಂತೀಯ ಅಂತ. ಅಷ್ಟ್ ಅಂದಿದ್ರೆ ಅಲ್ಲಿಂದ್ಲೇ ಅಮ್ಮಂಗೆ ಫೋನ್ ಮಾಡ್ತಿದ್ದೆ. ನೀನೇನಂದೆ? ಕಂಗ್ರಾಟ್ಸ್ ಅಂದೆ. ಹಲ್ ಬೇರೆ ಬಿಟ್ಟೆ!”

ಇಂದುವಿಗೆ ಅವನನ್ನು ಹೊಡೆಯಬೇಕು ಅನ್ನಿಸಿತು. ಹೊಡೆದಳು. ಕೈಯಲ್ಲಿದ್ದ ಹಗ್ಗದ ತುದಿಯಿಂದ ಬಲೆಯ ಸಂದಿಯಲ್ಲಿ ಕೈ ತೂರಿಸಿ ಭುಜಕ್ಕೊಂದು, ತಲೆಗೊಂದು ಕೊಟ್ಟಳು. ಮೂರನೆಯದಕ್ಕೆ ಅವನು ಆ ಕೈಯನ್ನು ಹಿಡಿದುಕೊಂಡ. ಬಿಡಲಿಲ್ಲ.

“ಕೋಳಿ ಪುಕ್ಕ ಕಿತ್ತಂಗಿದೆ ಮುಖ” ಅಂದಳು, ಅಳುತ್ತಾ, ನಗುತ್ತಾ.

“ಇರ್ಲಿ. ಮಾತು ಹೇಳು.”

ಹಗ್ಗ ಉಜ್ಜಿ ಉರಿಯುತ್ತಿದ್ದ ಬೆರಳಿಂದ ಅವಳು ಅವನ ಮೇಲ್ತುಟಿಯ ಮೇಲಿನ ಆ ಬೆಳ್ಳಗಿನ ಜಾಗವನ್ನು ಮುಟ್ಟಿದಳು. ಎಷ್ಟು ಮೆತ್ತಗಿತ್ತು!

“ಬೇಡ ಬಾವ. ಸಾಕಾ? ನಾಳೆನೂ ಬೇಡ, ಸಂಕ್ರಾಂತಿಗೂ ಬೇಡ. ಅಕ್ಕನ್ನ ನೋಡ್ಬೇಡ. ಯಾರ್ನೂ ನೋಡ್ಬೇಡ. ನನ್ನ ನೋಡು.”

ಅವನು ನೋಡಿದ. ಏರ್‌ಪೋರ್ಟ್ ರೋಡಿನ ಹಾರ್ನುಗಳು, ಮಕ್ಕಳ ಕಿರುಚಾಟ, ಯಾವುದೂ ಅವಳಿಗೆ ಕೇಳಿಸಲಿಲ್ಲ. ಅಕ್ಕನ ಅರ್ಧ ಮದರಂಗಿಯ ಕೈ ಒಂದು ಸಲವೂ ನೆನಪಾಗಲಿಲ್ಲ.

“ಮುಗೀತಾ?”

ಆ ದನಿ ಕಲ್ಲುಕಂಬದ ಕಡೆಯಿಂದ ಬಂತು. ತೇಜಸ್ವಿನಿ ಕಂಬಕ್ಕೆ ಒರಗಿ ನಿಂತಿದ್ದಳು. ಯಾವಾಗ ಬಂದಳೋ. ಅವಳ ಮುಖ ನೋಡಿದರೆ, ಕೋಳಿ ಪುಕ್ಕದ ಮಾತಿಗಿಂತ ಎಷ್ಟೋ ಮೊದಲೇ ಬಂದಂತಿತ್ತು.

ಇಂದು ಕೈ ಎಳೆದುಕೊಂಡಳು. ಹಗ್ಗಕ್ಕೆ ಸಿಕ್ಕಿ ಬಳೆ ಒಡೆಯಿತು.

“ತೇಜು, ನಾನೇ ನಿಂಗೆ ಹೇಳ್ಬೇಕು ಅಂತ…” ಅಶ್ವತ್ಥ್ ಶುರು ಮಾಡಿದ.

“ಯಾವಾಗ ಬಾವ? ಸಂಕ್ರಾಂತಿಗಾ? ಅಲ್ಲಿವರ್ಗೂ ನಾನು ನಿಮ್ ಮೀಸೆ ಎಷ್ಟ್ ಬೆಳೀತು ಅಂತ ದಿನಾ ಕಾಯ್ಕೊಂಡ್ ಕೂರ್ಬೇಕಿತ್ತಾ?”

ಅವನು ತಲೆ ತಗ್ಗಿಸಿದ.

“ಹೆಬ್ಬಾಳದವ್ರು ಬಂದು ತಿಂದು ಹೋದ್ರು. ಅವ್ರು ಹೊರಗ್ನೋರು, ಪರವಾಗಿಲ್ಲ. ನೀವು ಮನೆಯವ್ರು. ಬಾಯ್ ಬಿಟ್ಟು ಬೇಡ ಅಂದಿದ್ರೆ ಒಂದ್ ದಿನ ಅತ್ತು ಸುಮ್ನಾಗ್ತಿದ್ದೆ. ನಿಮ್ಗೆ ನನ್ನ ಬೇಡ ಅನ್ನೋಕೆ ಬ್ಲೇಡ್ ಬೇಕಾಯ್ತಾ?”

“ಅಕ್ಕ, ಸಾರಿ ಅಕ್ಕ. ನಾನು…”

“ನೀನ್ ಸುಮ್ನಿರು. ನಿನ್ ಹತ್ರ ಮಾತಾಡೋಕೆ ಜೀವಮಾನ ಪೂರ್ತಿ ಇದೆ.”

ತೇಜಸ್ವಿನಿ ಫೋನ್ ತೆಗೆದಳು. ಸ್ಪೀಕರ್ ಒತ್ತಿದಳು. ಅವಳ ದನಿ ಇದ್ದಕ್ಕಿದ್ದಂತೆ ಬೆಲ್ಲವಾಯಿತು.

“ಅತ್ತೆ, ನಾನು ತೇಜು. ನಾಳೆನೇ ಬನ್ನಿ ಅತ್ತೆ. ಬಾವ ನನ್ಗೋಸ್ಕರ ತಾನೆ ತೆಗ್ಸಿದ್ದು? ನಂಗೇ ಬೇಜಾರಿಲ್ಲ ಅಂದ್ಮೇಲೆ ನಿಮ್ಗ್ಯಾಕೆ? ಅಜ್ಜಿನ ನಾನ್ ಒಪ್ಸಿದೀನಿ, ಆಂಜನೇಯನ್ ಗುಡೀಲಿ ಮಾವನ ಹೆಸ್ರಲ್ಲಿ ಅರ್ಚನೆ ಮಾಡ್ಸಿ ಬಂದ್ರಾಯ್ತು ಅಂದ್ರು.”

“ಎಂಥ ಚಿನ್ನದಂಥ ಹುಡ್ಗಿ ನೀನು!” ಅಂದಳು ಅತ್ತೆ. “ಬರ್ತೀವಮ್ಮ, ಹನ್ನೊಂದು ಗಂಟೆಗೆ ಬರ್ತೀವಿ. ಆ ಬೋಳನ್ನೂ ಎಳ್ಕೊಂಡ್ ಬರ್ತೀನಿ.”

ಫೋನ್ ಕಟ್ಟಾಯಿತು. ಜೇಡ ಗಾಳಿಗೆ ಮೆಲ್ಲಗೆ ತೂಗಿತು. ಅದರ ಎರಡೂ ಕಡೆ ನಿಂತಿದ್ದ ಇಬ್ಬರೂ ಹಗ್ಗ ಹಿಡಿದುಕೊಂಡೇ ಇದ್ದರು, ಬಿಟ್ಟರೆ ಬಿದ್ದುಹೋಗುವವರಂತೆ.

“ಕೇಳಿ ಇಬ್ರೂ” ಅಂದಳು ತೇಜಸ್ವಿನಿ. “ಕಾಫಿ ನಾನೇ ತರ್ತೀನಿ. ಅದೇ ಸೀರೆ ಉಟ್ಕೊ‍ಂಡು. ಮೊದ್ಲು ನಿಮ್ ಮುಂದೆ ಹಿಡೀತೀನಿ ಬಾವ. ಎಲ್ರೂ ಇರ್ತಾರೆ. ಆವಾಗ ನನ್ ಮುಖ ನೋಡಿ ಹೇಳಿ, ತೇಜು ನೀನ್ ಬೇಡ, ನಿನ್ ತಂಗಿ ಬೇಕು ಅಂತ. ಹೇಳಿದ್ರೆ ಟ್ರೇ ಅವಳ ಕೈಗೆ ಕೊಟ್ಟು ಒಳಗ್ ಹೋಗ್ತೀನಿ. ಯಾರ್ನೂ ಒಂದ್ ಮಾತು ಅನ್ನಲ್ಲ, ಅನ್ನೋಕೂ ಬಿಡಲ್ಲ.”

“ಹೇಳ್ದಿದ್ರೆ?” ಇಂದು ಪಿಸುಗುಟ್ಟಿದಳು.

“ಹೇಳ್ದೆ ಲೋಟ ತಗೊಂಡ್ರೆ ನಾನ್ ಮದ್ವೆ ಆಗ್ತೀನಿ. ನೀನು ಆರತಿ ತಟ್ಟೆ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ತೀಯ. ಬಾವ ಬಾವ ಅಂತ ಕರ್ಕೊಂಡು.”

“ತೇಜು, ಅಷ್ಟು ಜನದ್ ಮುಂದೆ ನಿಂಗೆ ಅವಮಾನ…”

“ಇವತ್ತಾಗಿರೋದು ಏನ್ ಬಾವ? ಸನ್ಮಾನನಾ? ಎಲ್ಲಿ, ಈಗ್ಲೇ ಹೇಳಿ ನೋಡೋಣ. ಇಲ್ಲಿ ಯಾರೂ ಇಲ್ಲ, ನಾವ್ ಮೂರೇ ಜನ.”

ಅಶ್ವತ್ಥ್ ತಲೆ ಎತ್ತಿದ. ತೇಜಸ್ವಿನಿಯ ಕಣ್ಣು ಒಣಗಿತ್ತು, ರೆಪ್ಪೆ ಊದಿತ್ತು. “ತೇಜು, ನೀನು…” ಅಂದ. “ನೀನು…” ಮುಂದಿನ ಪದ ಬರಲಿಲ್ಲ. ಬೋಳು ತುಟಿ ಸುಮ್ಮನೆ ಅಲ್ಲಾಡಿತು.

ಇಂದು ಅವನನ್ನು ನೋಡಿದಳು. ನಾಳೆ ಹನ್ನೊಂದು ಗಂಟೆಗೆ ಸೋಫಾದ ಮೇಲೆ ಹೀಗೇ ಕೂತು, ಹೀಗೇ ತುಟಿ ಅಲ್ಲಾಡಿಸಿ, ಕೊನೆಗೆ ಲೋಟಕ್ಕೆ ಕೈ ಚಾಚುವ ಅವನು ಅವಳ ಕಣ್ಣ ಮುಂದೆ ಬಂದ. ಒಳ್ಳೆಯವನು, ಪಾಪದವನು. ಏಣಿ ಹತ್ತುತ್ತಾನೆ, ಹಗ್ಗ ಬಿಗಿಯುತ್ತಾನೆ, ಮೀಸೆ ಬೋಳಿಸಿಕೊಳ್ಳುತ್ತಾನೆ. ಮಾತು ಮಾತ್ರ ಇನ್ನೊಬ್ಬರ ಬಾಯಿಂದ ಬರಲಿ ಅಂತ ಕಾಯುತ್ತಾನೆ. ಮತ್ತೆ ತಾನು? ತಾನು ಇಷ್ಟು ದಿನ ಮಾಡಿದ್ದಾದರೂ ಏನು?

ಅವಳು ಹಗ್ಗ ಬಿಟ್ಟಳು. ಬಲೆಯ ಕೆಳಗೆ ಬಗ್ಗಿ ಈಚೆ ಬಂದು ಅಕ್ಕನ ಎದುರು ನಿಂತಳು.

“ಅವನು ಹೇಳ್ದಿದ್ರೆ ನಾನ್ ಹೇಳ್ತೀನಿ ಅಕ್ಕ. ನೀನ್ ಟ್ರೇ ಹಿಡ್ಕೊಂಡ್ ನಿಂತಿರೋವಾಗ್ಲೇ ಹೇಳ್ತೀನಿ. ಅತ್ತೆ, ಮಾವ, ಅಜ್ಜಿ ಎಲ್ಲರ್ ಮುಂದೆ. ಬಾವ ನಂಗ್ ಬೇಕು ಅಂತ. ನಿಂಗೆ ಎಷ್ಟ್ ನೋವಾದ್ರೂ ಹೇಳ್ತೀನಿ.”

ತೇಜಸ್ವಿನಿ ತಂಗಿಯ ಮುಂಗೈಗೆ ಅಂಟಿಕೊಂಡಿದ್ದ ಬಳೆಯ ಚೂರನ್ನು ಉಗುರಿನಿಂದ ಮೆಲ್ಲಗೆ ತೆಗೆದು ಕೆಳಗೆ ಹಾಕಿದಳು.

“ಆಯ್ತು” ಅಂದಳು. “ಹಂಗಿದ್ರೆ ಹತ್ತು ಗಂಟೆಗೇ ನನ್ ರೂಮಿಗೆ ಬಾ. ಆ ಸೀರೆ ಜಾರುತ್ತೆ, ಒಬ್ಳೇ ಉಡೋಕಾಗಲ್ಲ. ನೆರಿಗೆ ನೀನೇ ಹಿಡೀಬೇಕು.”